ಹೊಡೆಯಲೊಲ್ಲದ ರೋಬೋಟು

ನಮ್ಮ ಕಾಕಾ ಒಂದು ಕಾಲಕ್ಕೆ ರೋಬೋಟ್ ಆಗಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನಾವೂ ನಂಬಿರಲಿಲ್ಲ! ಆದರೆ ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡಿಕೊಂಡು, ಎರಡು ಹೊತ್ತು ರೊಟ್ಟಿ ಝುಣಕ ಉಂಡು, ಹಣೆತುಂಬ ವಿಭೂತಿ ಬಳಿದುಕೊಂಡು ತಿರುಗಾಡುವ ಆ ಮನುಷ್ಯ ಮೈಮೇಲೆ ತಗಡು ತೊಟ್ಟು, ತಲೆಯ ಮೇಲೆ ಕೆಂಪು ದೀಪ ಹೊತ್ತಿಸಿಕೊಂಡು ಊರಿಗೆ ಊರೇ ನೆರೆದಲ್ಲಿ ನಿಂತದ್ದನ್ನು ನಾನು ಈ ಕಣ್ಣಿಂದಲೇ ನೋಡಿದ್ದೇನೆ. ನೋಡಿದ ಮೇಲೆ ಬಾಯಿ ಮುಚ್ಚಲು ಬಹಳ ಹೊತ್ತು ಹಿಡಿಯಿತು, ಆ ಮಾತು ಬೇರೆ.

ಮೊದಲು ಕಾಕಾನ ಕೈಯ ವಿಷಯ ಹೇಳಬೇಕು. ಕಾಕಾ ಕೆಟ್ಟವರಲ್ಲ. ಆದರೆ ಅವರ ಬಲಗೈ ಅವರಿಗಿಂತ ಒಂದು ಹೆಜ್ಜೆ ಮುಂದೆ ಇರುತ್ತಿತ್ತು. ಭೂಸನೂರಿನ ಕಬ್ಬಿನ ರೈತರು ಸುಟ್ಟ ಮೋಟಾರು ಹೊತ್ತು ತಂದರೆ ಕಾಕಾ ಅದಕ್ಕೆ ಕಿವಿಗೊಟ್ಟು ಡಾಕ್ಟರರ ಹಾಗೆ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಫಟ್ ಅಂತ ಒಂದು ಏಟು! ಏನಾಶ್ಚರ್ಯ, ಅರ್ಧಕ್ಕರ್ಧ ಮೋಟಾರುಗಳು ಅಷ್ಟಕ್ಕೇ ತಿರುಗತೊಡಗುತ್ತಿದ್ದವು. "ಯಂತ್ರಕ್ಕ ಮಾತು ತಿಳಿಯಂಗಿಲ್ಲ ತಮ್ಮಾ, ಏಟು ತಿಳೀತದ" ಎಂದು ಕಾಕಾ ಮೀಸೆ ತಿರುವುತ್ತಿದ್ದರು. ರೇಡಿಯೋ ಗೊರಗೊರ ಅಂದರೂ ಏಟು, ಬ್ಯಾಟರಿ ಹತ್ತದಿದ್ದರೂ ಏಟು. ಗೋಡೆ ಗಡಿಯಾರ ನಿಂತಿತೆಂದು ಒಂದು ಬಿಗಿದರು ನೋಡಿ, ಅದು ಹೆದರಿ ಆವತ್ತಿನಿಂದ ಊರಿನ ಎಲ್ಲ ಗಡಿಯಾರಗಳಿಗಿಂತ ಮುಂದೆ ಓಡತೊಡಗಿತು!

ಏಟು ಯಂತ್ರಗಳಿಗಷ್ಟೇ ನಿಂತಿದ್ದರೆ ತಕರಾರಿರಲಿಲ್ಲ. ಮನುಷ್ಯರಿಗೂ ಅದೇ ರಿಪೇರಿ. ಎದುರು ಮಾತಾಡಿದವನಿಗೆ ಫಟ್, ಮರುಗಳಿಗೆಯಲ್ಲೇ "ಅಯ್ಯೋ, ಹತ್ತಿತೇನೋ ತಮ್ಮಾ?" ಎಂದು ಅವನನ್ನೇ ಹೋಟೆಲ್ಲಿಗೆ ಕರೆದೊಯ್ದು ಚಹಾ, ಚುರಮರಿ ಸೂಸ್ಲಾ ಕೊಡಿಸುವುದು. ಆಳಂದದಲ್ಲಿ ಕೆಲವರು ಹಸಿವಾದಾಗ ಬೇಕಂತಲೇ ಕಾಕಾಗೆ ಎದುರು ಮಾತಾಡುತ್ತಿದ್ದರೆಂಬ ಸುದ್ದಿಯೂ ಇತ್ತು. "ಇಂವ ಹೊಟ್ಯಾಗ ಇದ್ದಾಗ ನಾ ಏನ್ ತಿಂದಿದ್ನೋ ಏನೋ, ಕೈಯಾಗ ಸ್ಪ್ರಿಂಗ್ ಬಂದದ" ಎಂದು ನಮ್ಮಜ್ಜಿ ಹಣೆ ಬಡಿದುಕೊಳ್ಳುತ್ತಿದ್ದಳು. ಇಡೀ ಆಳಂದದಲ್ಲಿ ಆ ಕೈ ಏಳದಿದ್ದದ್ದು ಒಬ್ಬರ ಮೇಲೆ ಮಾತ್ರ: ನಮ್ಮ ಕಾಕು. ಕಾಕಾ ಹೆಂಡತಿಗೆ ಹೆದರುತ್ತಿದ್ದರು ಎಂದರೆ ತಪ್ಪಾದೀತು. ಕಾಕು ಮನೆಯಲ್ಲಿದ್ದರೆ ಅವರಿಗೆ ಸಿಟ್ಟು ಬರುವುದೇ ಮರೆತುಹೋಗುತ್ತಿತ್ತು.

ಹೀಗಿರಲಾಗಿ ಜೇವರ್ಗಿಯಲ್ಲಿ ಕಾಕುವಿನ ಅಕ್ಕನ ಮನೆಯಲ್ಲಿ ತೊಟ್ಟಿಲ ಕಾರ್ಯ. ಮಂದಿಯೆಲ್ಲ ಪಂಕ್ತಿಗೆ ಕೂತಿದ್ದಾರೆ. ಕಾಕುವಿನ ತಮ್ಮ, ಚೌಡಾಪುರದ ಹುಡುಗಾಟದ ಗಂಡು, ತುಪ್ಪ ಬಡಿಸುತ್ತ ಬಂದ. ಕಾಕಾನ ಮುಂದೆ ನಿಂತು ತುಪ್ಪದ ಮಿಳ್ಳಿ ಮೇಲೆತ್ತಿ ಹಿಡಿದ.

"ಮಾಮಾ, ಮೊದಲ ಕೈ ಜೋಡಸ್ರಿ. ಆಮ್ಯಾಲ ತುಪ್ಪ!"

ಪಂಕ್ತಿಯೆಲ್ಲ ನಕ್ಕಿತು. ಕಾಕಾನೂ ನಕ್ಕರು. ಆದರೆ ಅವರು ನಗುವುದರೊಳಗೆ ಕೈ ಹುಡುಗನ ಗಲ್ಲಕ್ಕೆ ಹೋಗಿಬಿಟ್ಟಿತ್ತು! ಫಟ್ ಎಂಬ ಆ ಸದ್ದಿಗೆ ಮಿಳ್ಳಿ ಹಾರಿ ಹಿರಿಯರೊಬ್ಬರ ರುಮಾಲಿನ ಮೇಲೆ ತುಪ್ಪ ಸುರಿಯಿತು. ತೊಟ್ಟಿಲ ಕೂಸು ಚೀರಿತು. ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಬಾಗಿದ್ದ ಸೋದರತ್ತೆಗೆ ಇಡಬೇಕಾದ ಹೆಸರೇ ಮರೆತುಹೋಯಿತು! ನಾನು ಬಾಯಿಗಿಟ್ಟ ಹೋಳಿಗೆ ಬಾಯಲ್ಲೇ ಉಳಿಯಿತು.

ಕಾಕು ಚೀರಲಿಲ್ಲ, ಅಳಲಿಲ್ಲ. ಕೈಚೀಲ ತೆಗೆದುಕೊಂಡಳು.

"ನೀವು ಆಳಂದಕ್ಕ ನಡೀರಿ. ನಾ ತಮ್ಮನ ಸಂಗಾಟ ಚೌಡಾಪುರಕ್ಕ ಹೋಗ್ತೇನಿ. ನಿಮ್ಮ ಕೈ ನಿಮ್ಮ ಮಾತ ಕೇಳಾಕ ಹತ್ತಿದ ದಿನ ಬರ್ತೇನಿ."

ಹೋದವಳು ಹೋದಳು. ಯುಗಾದಿ ಬಂತು, ಹೋಯಿತು. ಕಾಕು ಬರಲಿಲ್ಲ. ಹಿರಿಯರು ಹೋಗಿ ಕೇಳಿದರೆ ಚಹಾ ಕೊಟ್ಟು ಅದೇ ಮಾತು ಹೇಳಿ ಕಳಿಸುತ್ತಿದ್ದಳು. ಕಾಕಾ ಬಡಿದ ರೊಟ್ಟಿ ಒಂದು ದಿನ ಮಹಾರಾಷ್ಟ್ರದ ಆಕಾರದಲ್ಲಿ ಬಂದರೆ ಇನ್ನೊಂದು ದಿನ ಆಂಧ್ರದ ಆಕಾರದಲ್ಲಿ ಬರುತ್ತಿತ್ತು. ಮನುಷ್ಯ ಒಣಗಿ ಕಬ್ಬಿನ ಸಿಪ್ಪೆಯಾದರು.

ಆಗಲೇ ಅವರ ಬಾಳಿನಲ್ಲಿ ರೋಬೋಟ್ ಬಂದದ್ದು. ಅಂಗಡಿಯ ಪಕ್ಕ ಒಂದು ವಿಡಿಯೋ ಅಂಗಡಿ. ತಗಡಿನ ಶೆಡ್ಡು, ಒಂದು ಟಿವಿ, ನೆಲಕ್ಕೆ ಗೋಣಿಚೀಲ. ಏನೋ ವೈರು ಕಿತ್ತಿದೆಯೆಂದು ಕಾಕಾನನ್ನು ಕರೆದರು. ಟಿವಿಯಲ್ಲಿ ಯಾವುದೋ ಪರದೇಶದ ರೋಬೋಟುಗಳ ಪಿಕ್ಚರು. ಒಂದು ದಂಡಿಗೆ ಒಬ್ಬ ನಾಯಕ. ಅವನ ಮುಂಗೈಯೇ ನಮ್ಮ ಬಸ್ಸಿನಷ್ಟು! ಊರು ಹಾಳು ಮಾಡಿದ ವೈರಿ ಅವನ ಕೈಗೆ ಸಿಕ್ಕ. ಕೈಯೆತ್ತಿದ ನಾಯಕ. ಇನ್ನೇನು ಚಟ್ನಿ ಎಂದು ಎಲ್ಲರೂ ಉಸಿರು ಹಿಡಿದರೆ, ಅವನು ವೈರಿಯನ್ನು ಮೆಲ್ಲಗೆ ನೆಲಕ್ಕಿಳಿಸಿ ಹೋಗಗೊಟ್ಟ!

ಕಾಕಾ ಅಂದು ಮನೆಗೆ ಬಂದದ್ದು ದೆವ್ವ ಕಂಡವರ ಹಾಗೆ.

"ಅವ್ವಾ, ಅಷ್ಟು ದೊಡ್ಡ ಕೈ ಇಟ್ಕೊಂಡು ಹೊಡೀಲಿಲ್ಲ ಬೇ!"

"ಯಾರೋ?"

"ರೋಬೋಟು. ಕಬ್ಬಿಣದಾಂವ. ಕಬ್ಬಿಣದಾಂವಗ ಸಾಧ್ಯ ಆತು ಅಂದ್ರ..." ತಮ್ಮ ಬಲಗೈಯನ್ನು ಮೊದಲ ಸಲ ಕಂಡವರಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಅಲ್ಲಿಂದ ಆ ಕ್ಯಾಸೆಟ್ಟು ಸವೆಯುವ ತನಕ ನೋಡಿದರು. ವಿಡಿಯೋದವನಿಗೂ ಇಂಥ ಗಿರಾಕಿ ಬಿಡಲು ಮನಸ್ಸಾಗಲಿಲ್ಲ. ಕಲಬುರ್ಗಿಯಿಂದ ಎರಡನೇ ಭಾಗ ತರಿಸಿದ. ಕಾಕಾ ತೊಳೆದ ಧೋತರ ಉಟ್ಟು, ಮದುವೆಗೆ ಹೊರಟವರಂತೆ ಹೋಗಿ ಕೂತರು. ನಾನೂ ಜೊತೆಗಿದ್ದೆ. ಅದೇ ನಾಯಕ, ಅದೇ ಮೋರೆ, ಅದೇ ಬಣ್ಣ. ಆದರೆ ಈ ಸಲ ವೈರಿ ಸಿಕ್ಕದ್ದೇ ತಡ, ಅವನ ರುಂಡ ಕಿತ್ತು, ಮುಂಡ ಸೀಳಿ, ಮೇಲೆ ನಿಂತು ಡೈಲಾಗು ಬೇರೆ ಹೊಡೆದ! ಗೋಣಿಚೀಲದ ಮೇಲಿನ ಮಂದಿ ಶಿಳ್ಳೆ ಹಾಕಿತು. ಕಾಕಾನ ಮೋರೆ ಬಿಳಿಚಿಕೊಂಡಿತು. ಎದ್ದರು. ಇಂಥ ಹಿಂಸೆಯನ್ನು ಸಹಿಸಲಾರದೆ ಮುಂದೆ ಹೋಗಿ ಟಿವಿಗೆ ಫಟ್ ಅಂತ ಒಂದು ಕೊಟ್ಟರು!

ಟಿವಿ ಎಂದಿಲ್ಲದಷ್ಟು ಸ್ವಚ್ಛವಾಗಿ ಕಾಣತೊಡಗಿತು.

"ಸಾವಕಾರ್ರ, ಸಿಟ್ಟ್ಯಾಕ್ರಿ? ಮಂದಿಗಿ ಹಿಂಗ ಬೇಕ್ರಿ!" ಎಂದ ವಿಡಿಯೋದವನು.

"ಇಂವ ಅಂವ ಅಲ್ಲೋ. ತಗಡು ಅದೇ ಇರಬಹುದು, ಒಳಗಿನಾಂವ ಬ್ಯಾರೆ" ಎಂದು ಕಾಕಾ ಹೊರಬಿದ್ದರು. ಹೊರಗೆ ಬಂದ ಮೇಲೆ ತಮ್ಮ ಕೈ ಮತ್ತೆ ಎದ್ದದ್ದು ಅರಿವಾಗಿ, ಕಟ್ಟೆಯ ಮೇಲೆ ಕುಸಿದು ಕೂತರು. ಆ ಕೂತದ್ದು ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಷ್ಟರಲ್ಲಿ ಚೌಡಾಪುರದ ಹುಡುಗರು ನಾಟಕ ಹೂಡಿದರು. ಅಫಜಲಪುರದ ಕಡೆಯ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಅದಕ್ಕೆ ಗುರುಗಳು. ಡಕಾಯಿತರು, ದೆವ್ವಗಳು, ಅತ್ತೆ ಸೊಸೆಯರು ಎಲ್ಲ ಮುಗಿದು, ಈ ಸಲ ಹೊಸ ನಮೂನೆ ಬೇಕೆಂದು ಅವರು ರೋಬೋಟಿನ ನಾಟಕ ಬರೆದಿದ್ದರು. ಹೆಸರು 'ಉಕ್ಕಿನ ಸರದಾರ'. ಊರು ಕಾಯುವ ರೋಬೋಟ್ ನಾಯಕ, ಊರು ಸುಲಿಯುವ ಒಬ್ಬ ದುಷ್ಟ. ತಗಡಿನ ಡ್ರೆಸ್ಸು ಬಾಡಿಗೆಗೆ ಎಲ್ಲಿ ಸಿಗಬೇಕು? ಕಾಕಾನ ಅಂಗಡಿಗೆ ಬಂದರು. ಚೌಡಾಪುರ ಎಂಬ ಹೆಸರು ಕೇಳಿದ್ದೇ ಕಾಕಾ, "ಡ್ರೆಸ್ಸು ಪುಕಟ ಮಾಡಿ ಕೊಡ್ತೇನಿ. ಖರೆ, ಒಳಗ ನಾನೇ ಇರ್ತೇನಿ" ಎಂದುಬಿಟ್ಟರು.

ಮಾಸ್ತರರ ಕಣ್ಣು ಮಿಂಚಿತು. ಯಾಕೆ ಗೊತ್ತೇ? ದುಷ್ಟನ ಪಾತ್ರ ಕಾಕುವಿನ ತಮ್ಮನದು! "ಜೇವರ್ಗಿ ಜಗಳಾ ಎಲ್ಲರಿಗೂ ಗೊತ್ತದ. ಇಬ್ಬರನ್ನೂ ಎದುರಾಬದರು ನಿಲ್ಲಿಸಿದ್ರ ಆತು, ಹೊಡೆದಾಟ ಕಲಸೋದೇ ಬ್ಯಾಡ!" ಎಂದು ಅವರು ನನ್ನ ಕಿವಿಯಲ್ಲಿ ಉಸುರಿದಾಗ ನಾನು ಕಾಕಾನ ಬಲಗೈ ಕಡೆ ನೋಡಿದೆ.

ಕಡೆಯ ಸೀನಿನ ಮೇಲೆ ಹೋಟೆಲ್ಲಿನಲ್ಲಿ ವಾದ ಹತ್ತಿತು. ಮಾಸ್ತರರ ಪ್ರಕಾರ ರೋಬೋಟು ದುಷ್ಟನನ್ನು ಸೀಳಿ ಕುಣಿಯಬೇಕು.

"ನಾ ಸೀಳಂಗಿಲ್ರಿ ಮಾಸ್ತರ. ಬಿಟ್ಟು ಕಳಸ್ತೇನಿ."

"ಬಿಟ್ಟು ಕಳಸಾಕ ರೋಬೋಟ್ ಯಾಕ್ರಿ ಬೇಕು? ನಮ್ಮ ಪೊಲೀಸಪ್ಪನೇ ಸಾಕಲ್ಲ!"

ಚಹಾ ಕುಡಿಯುತ್ತಿದ್ದ ಮುದುಕನೊಬ್ಬ ಬಾಯಿ ಹಾಕಿದ: "ಹೊಡೀಲಾರದ ಹೀರೋ ಅಂದ್ರ ಖಾರ ಹಾಕಲಾರದ ಝುಣಕ ನೋಡ್ರಿ. ಬಾಯಾಗ ಇಡಾಕೂ ಬರಂಗಿಲ್ಲ."

"ಯಜಮಾನ್ರ, ಕೈಲಾಗದಾಂವ ಬಿಟ್ರ ಅದು ಅಂಜಿಕಿ. ಸೀಳೋ ತಾಕತ್ತು ಇದ್ದಾಂವ ಬಿಟ್ರ?"

ಮುದುಕ ಉಳಿದ ಚಹಾ ಹೀರಿ, "ಅಂವಗ ಮೈಯಾಗ ಆರಾಮಿಲ್ಲ ಅಂತರ್ಥ" ಎಂದ!

ವಾದ ಬಗೆಹರಿಯದೆಯೇ ಕಾಕಾ ಡ್ರೆಸ್ಸು ಕಟ್ಟಿದರು. ಸೀಮೆಎಣ್ಣೆ ಡಬ್ಬಿಯ ಎದೆ, ಹೊಟ್ಟೆಯ ಮೇಲೆ ಮೋಟಾರಿನ ಫ್ಯಾನಿನ ಜಾಲರಿ, ನೆತ್ತಿಗೆ ಕೆಂಪು ಬಲ್ಬು, ಎಡಗೈಯಲ್ಲಿ ಅದರ ಗುಂಡಿ, ಬೆನ್ನಿಂದ ಬಾಲದಂತೆ ಪರದೆಯ ಹಿಂದಕ್ಕೆ ಹೋದ ವೈರು. "ಸಿಟ್ಟು ಬಂದ್ರ ಗುಂಡಿ ಒತ್ತತೇನಿ. ಸಿಟ್ಟೆಲ್ಲಾ ದೀಪಕ್ಕ ಹೋಗಬೇಕು, ಕೈಗೆ ಬರಬಾರದು" ಎಂದು ನಮಗೆ ವಿವರಿಸಿದರು. ಆಳಂದದ ಅಂಗಡಿಯಲ್ಲಿ ಗಿರಾಕಿಗಳು ಉದ್ರಿ ಕೇಳಿದಾಗೆಲ್ಲ ಆ ಬಲ್ಬು ಹೊತ್ತಿ ಹೊತ್ತಿ ಅಭ್ಯಾಸವಾಯಿತು.

ಕರೆಂಟಿನ ಪಾಳಿ ಆ ವಾರ ಹಗಲಿಗಿತ್ತು. ಹಾಗಾಗಿ ನಾಟಕವೂ ಹಗಲಿಗೆ. ಶಾಮಿಯಾನಾ, ಧೂಳು, ಮೈಕು. ಕಾಕಾ ಹೆಜ್ಜೆಯಿಟ್ಟದ್ದೇ ಊರಿನ ನಾಯಿಗಳೆಲ್ಲ ಬೊಗಳುತ್ತ ಬಂದವು. ಒಬ್ಬ ರೈತ ಖುಷಿಯಾಗಿ, ನಮ್ಮ ಕಡೆಯ ಪದ್ಧತಿಯಂತೆ ನಾಟಕದ ನಡುವೆಯೇ ಸ್ಟೇಜು ಹತ್ತಿ ಆಯೇರಿಯೆಂದು ಕಾಣಿಕೆಯ ನೋಟು ಪಾತ್ರಧಾರಿಯ ಎದೆಗೆ ಚುಚ್ಚಲು ಹೋದ. ತಗಡಿಗೆ ಪಿನ್ನು ಹೋಗಬೇಕಲ್ಲ! ಕೊನೆಗೆ ರೋಬೋಟಿನ ಬಾಯಿಯ ಸಂದಿಯಲ್ಲಿ ನೋಟು ತುರುಕಿ, ದೇವರ ಹುಂಡಿಗೆ ಹಾಕಿದವನಂತೆ ಕೈಮುಗಿದು ಇಳಿದ. ಹೆಂಗಸರ ಸಾಲಿನ ನಡುವೆ ಕಾಕು ಕೂತಿದ್ದಳು. ಅವಳೊಬ್ಬಳೇ ನಗಲಿಲ್ಲ.

ಕಡೆಯ ಸೀನು ಬಂತು. ದುಷ್ಟ ಬಡಿಗೆಯಿಂದ ರೋಬೋಟಿಗೆ ಒಂದು ಹೊಡೆಯಬೇಕು. ಹೊಡೆದ. ಢಣ್! ಮಂದಿ ಹೋ ಎಂದಿತು. ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ! ಇನ್ನೊಂದು ಢಣ್, ಮತ್ತೊಂದು.

"ಇದು ಜೇವರ್ಗೀದು!" ಎಂದ ಮೈದುನ. ನಾಟಕದಲ್ಲಿ ಇಲ್ಲದ ಮಾತು! "ಇದು ತುಪ್ಪದ್ದು! ಇದು ಪಂಕ್ತ್ಯಾಗ ನೋಡಿದ ಮಂದೀದು!"

ಮಾಸ್ತರರು ಹಿಗ್ಗಿ ಪೇಟಿಯ ಮೇಲೆ ಯುದ್ಧದ ರಾಗ ಹಿಡಿದರು. ಕಾಕಾನ ತಲೆಯ ದೀಪ ಹತ್ತಿತು, ಆರಿತು, ಹತ್ತಿತು. ಬಲಗೈಯ ತಗಡು ಜಜ್ಜಿಹೋಯಿತು. ಮತ್ತು ಆ ಕೈ, ಅಯ್ಯೋ ದೇವರೇ, ಮೇಲೆದ್ದಿತು! "ಹೊಡಿ! ಹೊಡಿ ಸರದಾರಾ!" ಎಂದು ಮಂದಿ ಎದ್ದು ನಿಂತಿತು. ಕಾಕುವೂ ಎದ್ದಳು, ಕೈಚೀಲ ಕೈಯಲ್ಲಿ ಹಿಡಿದು, ಹೊರಟವಳ ಹಾಗೆ. ಆ ತಗಡಿನ ಕೈ ಬಿದ್ದರೆ ಹುಡುಗನ ತಲೆ ಉಳಿಯುವುದಿಲ್ಲ. ನಾನು ಕಣ್ಣು ಮುಚ್ಚಿದೆ.

ಠಪ್!

ಬಲ್ಬು ಸಿಡಿದಿತ್ತು. ಕಣ್ಣು ತೆರೆದರೆ, ಎತ್ತಿದ ಕೈ ನಿಧಾನಕ್ಕೆ ಇಳಿದು ಮೈದುನನ ಹೆಗಲ ಮೇಲೆ ಕೂತಿದೆ. ತಗಡಿನೊಳಗಿಂದ ಮೈಕಿಗೆ ಒಂದು ದನಿ ಬಂತು. ಸರದಾರನದಲ್ಲ, ನಮ್ಮ ಕಾಕಾನದು.

"ತಮ್ಮಾ, ಅವತ್ತು ನಿನಗ ಭಾಳ ಹತ್ತಿತ್ತೇನು?"

ಬಡಿಗೆ ಹುಡುಗನ ಕೈಯಲ್ಲೇ ನಿಂತಿತು.

"ಗಲ್ಲಕ್ಕ ಹತ್ತಿಲ್ಲ ಮಾಮಾ. ಮಂದ್ಯಾಗ ಹತ್ತಿತ್ತು."

"ಹಂಗಾದ್ರ ಮಂದ್ಯಾಗೇ ತಪ್ಪಾತು ಅಂತೇನಿ" ಎಂದು ಕಾಕಾ ಬಾಗಲು ಹೋದರು. ತಗಡಿನ ಮೊಣಕಾಲು ಬಾಗಬೇಕಲ್ಲ! ಉಕ್ಕಿನ ಸರದಾರ ಧಡಲ್ ಎಂದು ಮೋರೆ ಅಡಿಯಾಗಿ ಸ್ಟೇಜಿನ ಮೇಲೆ ಬಿದ್ದ. ದುಷ್ಟ ಬಡಿಗೆ ಬಿಸಾಕಿ "ಮಾಮಾ! ಮಾಮಾ!" ಎಂದು ಅಳುತ್ತ ಸರದಾರನನ್ನು ಎಬ್ಬಿಸತೊಡಗಿದ. "ಹೊಡೆದಾಟ ಎಲ್ಲಿ ಹೋತ್ರಿ?" ಎಂದು ಹಿಂದಿನಿಂದ ಯಾರೋ ಕೂಗಿದರೆ, "ಸುಮ್ಮಕ ಕುಂದರಲೇ ಭಾಡ್ಯಾ!" ಎಂದು ಮುದುಕಿಯೊಬ್ಬಳು ಗದರಿಸಿದಳು. ಮಾಸ್ತರರಿಗೆ ಯಾವ ರಾಗ ನುಡಿಸಬೇಕೆಂದು ತಿಳಿಯದೆ ಪೇಟಿ ಒಂದೇ ಸ್ವರದಲ್ಲಿ ಗೊಂಯ್ ಎನ್ನುತ್ತಿತ್ತು.

ನಾಟಕದ ಮಂದಿ ತಗಡೆಲ್ಲ ಬಿಚ್ಚಿದರು. ಬಲಗೈಯದು ಮಾತ್ರ ಬಿಚ್ಚಲಿಲ್ಲ. ಬಡಿಗೆ ಏಟಿಗೆ ಜಜ್ಜಿ ಬೆರಳುಗಳನ್ನು ಕಚ್ಚಿ ಹಿಡಿದಿತ್ತು. ಸಂಜೆಯ ಆಳಂದ ಬಸ್ಸಿಗೆ ಕಾಕಾ ಹಾಗೆಯೇ ಹತ್ತಿ ಕಿಟಕಿಗೆ ಕೂತರು, ನಾನು ಹಿಂದಿನ ಸೀಟಿಗೆ. ಹೊರಗೆ ನೋಡುತ್ತಿದ್ದರು, ಆದರೆ ಏನೂ ನೋಡುತ್ತಿರಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಒಂದು ಕೈಚೀಲ ಒಳಗೆ ಬಂದು ಸೀಟಿನ ಕೆಳಗೆ ಸರಿಯಿತು.

"ಸ್ವಲ್ಪ ಸರೀರಿ" ಎಂದಳು ಕಾಕು.

ಕಾಕಾ ಸರಿದರು. ಕಾಕು ತುರುಬಿನಿಂದ ಒಂದು ಪಿನ್ನು ಹಿರಿದು, ಆ ತಗಡಿನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಒಂದೊಂದೇ ಬೆರಳಿನ ತಗಡು ಮೀಟಿ ಬಿಡಿಸತೊಡಗಿದಳು. ಬಸ್ಸು ಕುಲುಕಿದಾಗ ನಿಲ್ಲಿಸುವಳು, ಮತ್ತೆ ಮೀಟುವಳು. ಕಡಗಂಚಿ ದಾಟುವಾಗ ಕೈ ಪೂರಾ ಹೊರಗೆ ಬಂತು: ಬೆವರಿಗೆ ಸುಕ್ಕುಗಟ್ಟಿ, ಅಲ್ಲಲ್ಲಿ ತರಚಿ, ಆಗ ತಾನೇ ಹುಟ್ಟಿದ್ದರ ಹಾಗೆ ಕೆಂಪಗೆ. ಕಾಕು ಅದರ ಮೇಲೆ ಉಫ್ ಎಂದು ಊದಿ, ಸೆರಗಿನಿಂದ ಒರೆಸಿ, ಆಳಂದ ಬರುವ ತನಕ ತನ್ನ ಮಡಿಲಲ್ಲೇ ಇಟ್ಟುಕೊಂಡಳು.