ಎರಡನೆಯ ಸಾಲಿನವಳು

ಓದಿದವರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಮನೆಯಲ್ಲಿ ಬಲವಾಗಿತ್ತು. ನಿಜಾಮರ ರಾಜಧಾನಿಗೆ ಹೋಗಿ, ಉರ್ದುವಿನಲ್ಲಿ ಪಾಠ ಕೇಳಿ, ಬಿ.ಎ. ಮುಗಿಸಿ ಬಂದ ನನ್ನನ್ನು ಹಪ್ಪಳದ ಹದದಿಂದ ಹಿಡಿದು ಎಮ್ಮೆಯ ಕೆಮ್ಮಿನವರೆಗೆ ಎಲ್ಲದಕ್ಕೂ ವಿಚಾರಿಸುತ್ತಿದ್ದರು. ನಾನು ಮಾತು ಕಡಿಮೆಯವಳಾದ್ದರಿಂದ ಆ ನಂಬಿಕೆ ಬಹಳ ಕಾಲ ಕೆಡದೆ ಉಳಿಯಿತು. ಕೆಟ್ಟದ್ದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ತೀರಿಕೊಂಡ ಮೇಲೆ.

ಆಯಿ ತುಂಬು ಬಾಳು ಬಾಳಿದವಳು. ಕಮಲಾಪುರದಿಂದ ಕಲಬುರಗಿಯ ಬ್ರಹ್ಮಪುರದ ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿಗಿನ್ನೂ ಹಾಲುಹಲ್ಲು ಪೂರಾ ಬಿದ್ದಿರಲಿಲ್ಲವಂತೆ. ಎಲ್ಲಿ ಹಾಡಿನ ಸದ್ದಾದರೂ ಅವಳು ಅಲ್ಲಿರಬೇಕು. ಮಠದ ಪುರಾಣ, ಓಣಿಯ ಭಜನೆ, ದರ್ಗಾದ ಕವ್ವಾಲಿ, ಅವಳಿಗೆ ಯಾವುದೂ ಬೇರೆಯಲ್ಲ. ಕವ್ವಾಲಿಯನ್ನು ಗೋಡೆಯಾಚೆ ನಿಂತು ಕೊನೆಯವರೆಗೂ ಕೇಳಿ ಬರುವಷ್ಟರಲ್ಲಿ ಒಲೆಯ ಮೇಲಿನ ತೊಗರಿ ಬ್ಯಾಳಿ ತಳ ಹಿಡಿದಿರುತ್ತಿತ್ತು. ನನ್ನ ಮುತ್ಯಾ, ಅವಳ ಗಂಡ, ಆಯುಷ್ಯವಿಡೀ ಸೀದ ಬ್ಯಾಳಿ ಉಂಡರು. "ಇವತ್ತ ಹಾಡು ಭಾಳ ಛಲೋ ಇತ್ತಲ್ಲ?" ಎಂದಷ್ಟೇ ಕೇಳುತ್ತಿದ್ದರು, ರುಚಿಯಿಂದಲೇ ಅವರಿಗೆ ತಿಳಿಯುತ್ತಿತ್ತು.

ಆಯಿಯ ಸ್ವಂತ ಹಾಡುಗಳೆಲ್ಲ ಬೀಸುಕಲ್ಲಿನವು. ಬೆಳಗಿನ ಜಾವ ಅವಳು ಒಂದು ಸಾಲು ಹಾಡಬೇಕು, ಎದುರಿಗೆ ಕೂತವರು ಎರಡನೆಯದನ್ನು ಹಾಡಿ ಮುಗಿಸಬೇಕು. ರಜೆಯಲ್ಲಿ ಎದುರಿಗೆ ಕೂರುತ್ತಿದ್ದವಳು ನಾನು. ಮುತ್ಯಾನಿಗೆ ಬೆಳಗೆಂದರೆ ಆ ಹಾಡು. ಸೂರ್ಯನ ಮಾತನ್ನು ಅವರು ನಂಬಿದವರಲ್ಲ.

ಆಯಿ ಹೋದ ಮೇಲೆ ಅವರು ಹಾಸಿಗೆ ಬಿಟ್ಟೇಳಲಿಲ್ಲ. ರೊಟ್ಟಿ ಮುಟ್ಟಲಿಲ್ಲ. ಅಪ್ಪ ಬಾಗಿಲು ತೆರೆದು ಬಿಸಿಲು ತೋರಿಸಿದರೆ, "ಬೆಳಗಾಗಿದ್ರ ಆಕಿ ಹಾಡ್ತಿದ್ದಿಲ್ಲೇನೋ? ನೀನೂ ಹೋಗಿ ಮಕ್ಕೋ," ಎಂದರು. ದಿನದಿಂದ ದಿನಕ್ಕೆ ಹಾಸಿಗೆಗೆ ಅಂಟುತ್ತಾ ಹೋದರು. ಮನೆಯವರೆಲ್ಲ ಓದಿದವಳ ಕಡೆ ನೋಡಿದರು. ಹಾಡಲು ಕೂತೆ. ಒಂದಾದರೂ ಮೊದಲ ಸಾಲು ಬರಲಿಲ್ಲ. ನನ್ನಲ್ಲಿ ಇದ್ದವೆಲ್ಲ ಎರಡನೆಯವೇ. 'ಅಂಗಳಕ ನಿಂತು ಕರದಾಳ' ಎಂಬುದು ಗೊತ್ತು. ಯಾರು ಕರೆದರು, ಯಾಕೆ ಕರೆದರು ಎಂಬುದು ಆಯಿಯ ಜೊತೆಗೇ ಹೋಗಿತ್ತು.

ಬಂಡಿ ಕಟ್ಟಿಸಿ ಕಮಲಾಪುರದಿಂದ ಆಯಿಯ ತಂಗಿಯನ್ನು ಕರೆತಂದೆವು. ಹುಡುಗಿಯರಾಗಿದ್ದಾಗ ಇಬ್ಬರೂ ಒಂದೇ ಕಲ್ಲಿಗೆ ಕೂತು ಬೀಸಿದವರು. ಸಣ್ಣಾಯಿ ಸೆರಗು ಸಿಕ್ಕಿಸಿ, ಕಲ್ಲಿನ ಗೂಟ ಹಿಡಿದು, ನನ್ನ ಮುಖ ನೋಡಿದಳು.

"ಹಾಡವ್ವಾ."

"ನೀವು ಹಾಡ್ರಿ ಸಣ್ಣಾಯಿ. ನಾ ಹಿಂದ ಹಾಡ್ತೀನಿ."

"ಅಯ್ಯ, ನಾನೂ ಹಿಂದಿನಾಕೀನೇ! ನಮ್ಮಕ್ಕ ಯಾರಿಗಿ ಮುಂದ ಹಾಡಾಕ ಬಿಟ್ಟಾಳ? ಇಷ್ಟ್ ಓದೀದಿ, ಒಂದ್ ಸಾಲ್ ಬರಲ್ಲೇನ ನಿನಗ?"

ಜೋಳ ಹಾಕಿಯಾಗಿತ್ತು. ಬೀಸತೊಡಗಿದೆವು. ಮೊದಲ ಸಾಲಿನಷ್ಟು ಹೊತ್ತು ಬರೀ ಕಲ್ಲಿನ ಸದ್ದು. ಆಮೇಲೆ ಇಬ್ಬರೂ ಸೇರಿ ಎರಡನೆಯದನ್ನು ಹಾಡಿದೆವು. ಮತ್ತೆ ಕಲ್ಲು, ಮತ್ತೆ ನಾವು. ಪಡಸಾಲೆಯಲ್ಲಿ ಕೆಮ್ಮು ಕೇಳಿತು. ಮುತ್ಯಾ ಗೋಡೆ ಹಿಡಿದು ಬಂದು ಕಂಬಕ್ಕೊರಗಿ ಕೂತರು.

"ನನ್ನ ಕಿವಿ ಮಂದ ಆಗ್ಯಾವ," ಎಂದರು. "ನಿಮ್ಮಿಬ್ಬರದು ಕೇಳ್ತದ, ಆಕೀದು ಕೇಳಸವಲ್ದು."

ಯಾರೂ ತಿದ್ದಲಿಲ್ಲ. ಅವರು ಅರ್ಧ ರೊಟ್ಟಿ ತಿಂದರು.

ಸಣ್ಣಾಯಿ ಊರಿಗೆ ಹೋದಳು. ಈಗ ನಾನೊಬ್ಬಳೇ ಬೀಸುತ್ತೇನೆ. ನನ್ನ ಹಿಟ್ಟು ರವೆಯಂತಿರುತ್ತದೆ, ರೊಟ್ಟಿ ತಟ್ಟಿದರೆ ಹರಿಯುತ್ತದೆ. ಕೆಟ್ಟ ಅಡುಗೆಗೆ ಪಳಗಿದ ಮುತ್ಯಾ ಅದನ್ನೇ ಉಣ್ಣುತ್ತಾರೆ. ಇವತ್ತು ಬೇಗ ಮುಗಿದರೆ ಸಾಕೆಂದು ನನ್ನ ಸಾಲನ್ನು ತುಸು ಮುಂಚೆಯೇ ಎತ್ತಿಬಿಟ್ಟೆ.

"ತಡಿ ಬೇ!" ಕಂಬದ ಕಡೆಯಿಂದ ಮುತ್ಯಾ ಗದರಿದರು. "ಆಕೀದು ಇನ್ನಾ ಮುಗದಿಲ್ಲ. ಇಷ್ಟೂ ಕಲಸಲಿಲ್ಲೇನು ನಿಮ್ಮ ಹೈದ್ರಾಬಾದದಾಗ?"

ಕಲಿಸಿರಲಿಲ್ಲ. ಕಲ್ಲು ತಿರುಗಿಸುತ್ತಾ, ಆಯಿ ಮುಗಿಸಲಿ ಎಂದು ಕಾದೆ.