ಚನ್ನಬಸವಯ್ಯನವರ ಅಭಿಪ್ರಾಯ ಉಪವಾಸ

ಆ ಭಾನುವಾರ ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ನಡುಮನೆಗೆ ಬಂದ ಚನ್ನಬಸವಯ್ಯನವರು ಒಂದು ಭೀಷ್ಮಪ್ರತಿಜ್ಞೆ ಮಾಡಿದರು. ಸಂಜೆ ಗಂಡಿನ ಕಡೆಯವರು ಬಂದು ಹೋಗುವ ತನಕ ತಾವು ಯಾವ ವಿಷಯದ ಮೇಲೂ ಅಭಿಪ್ರಾಯ ಹೇಳುವುದಿಲ್ಲ! ವಿಜ್ಞಾನವಿರಲಿ, ರಾಜಕೀಯವಿರಲಿ, ದೇವರು ದಿಂಡರಿರಲಿ, ಕೊನೆಗೆ ಈರುಳ್ಳಿ ದರವೇ ಇರಲಿ, ತುಟಿ ಪಿಟಕ್ಕೆನ್ನುವುದಿಲ್ಲ!

"ಮನಸ್ಸು ಗಟ್ಟಿ ಇದ್ರೆ ಇದೇನ್ ಮಹಾ? ನೋಡ್ತಾ ಇರು" ಎಂದರು ಹೆಂಡತಿಗೆ.

"ಇದೂ ಒಂದ್ ಅಭಿಪ್ರಾಯವೇ ಅಲ್ವಾ?" ಎಂದರು ಬಸಮ್ಮ, ಬಾಣಲೆಯ ರವೆ ಕೆದಕುತ್ತ.

ರಾಮಕೃಷ್ಣನಗರದ ಪಾರ್ಕಿನ ಕಲ್ಲುಬೆಂಚಿನ ಮೇಲೆ ದಿನಾ ಬೆಳಗ್ಗೆ ಲೋಕದ ಸಮಸ್ಯೆಗಳನ್ನೆಲ್ಲ ಬಗೆಹರಿಸಿಯೇ ಎದ್ದು ಬರುವವರು ನಮ್ಮ ಚನ್ನಬಸವಯ್ಯ. ರೇಷ್ಮೆ ಇಲಾಖೆಯಲ್ಲಿ ಇದ್ದಷ್ಟು ಕಾಲ ಹುಳುಗಳ ಬಗ್ಗೆ ಮಾತ್ರ ಮಾತಾಡಬೇಕಾಗಿ ಬಂದದ್ದರಿಂದಲೋ ಏನೋ, ನಿವೃತ್ತರಾದ ಮೇಲೆ ಒಳಗೆ ಕೂಡಿಟ್ಟದ್ದೆಲ್ಲ ಒಮ್ಮೆಲೇ ಹೊರಬೀಳತೊಡಗಿತ್ತು. ರಾಕೆಟ್ಟು ಹಾರಿದರೆ ಅದು ಯಾವ ಕೋನದಲ್ಲಿ ಹಾರಬೇಕಿತ್ತು ಅನ್ನುವುದು ಅವರಿಗೆ ಗೊತ್ತು. ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದು ಗೊತ್ತು. ಅವರು ಸೋತರೆ ಜನ ಎಲ್ಲಿ ತಪ್ಪಿದರು ಅನ್ನುವುದೂ ಗೊತ್ತು. ದೇವರಿದ್ದಾನೆ ಅನ್ನುವವರಿಗೆ ಇಲ್ಲವೆಂದೂ, ಇಲ್ಲ ಅನ್ನುವವರಿಗೆ ಇದ್ದಾನೆಂದೂ ಸಾಧಿಸಿ ತೋರಿಸಬಲ್ಲ ಗಟ್ಟಿಗರು! ಬೆಂಚಿನ ಮೇಲೆ ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಪಾಡು ಪಡುತ್ತಿದ್ದವಳು ಮಗಳು ರಕ್ಷಿತಾ.

ಹೋದ ವರ್ಷ ಬೋಗಾದಿ ಕಡೆಯ ಒಂದು ಒಳ್ಳೆ ಸಂಬಂಧ ಶನಿಯ ದೆಸೆಯಿಂದ ತಪ್ಪಿತು. ಶನಿ ಜಾತಕದಲ್ಲಿ ಅಂಥಾ ಕಾಟವನ್ನೇನೂ ಕೊಟ್ಟಿರಲಿಲ್ಲ, ಕಾಟ ಕೊಟ್ಟದ್ದು ಚನ್ನಬಸವಯ್ಯನವರ ಬಾಯಿಗೆ ಬಂದ ಮೇಲೆ. ಹುಡುಗನ ಸೋದರಮಾವ 'ಸಾಡೇಸಾತಿ ಒಂದು ಕಳೀಲಿ' ಅಂದದ್ದೇ ತಡ, ಶನಿ ಅಂದರೆ ಬರೀ ಅನಿಲದ ಗೋಳ, ಅದಕ್ಕೆ ಬೋಗಾದಿ ಎಲ್ಲಿದೆ ಅಂತಲೂ ಗೊತ್ತಿಲ್ಲ ಅಂತ ಇವರು ಶುರು ಹಚ್ಚಿಕೊಂಡರು. ಉಪ್ಪಿಟ್ಟು ಆರಿತು, ಬಂದವರು ಎದ್ದು ಹೋದರು. ಇನ್ನೊಂದು ಕಡೆಯ ಯಜಮಾನರು ನಗರಪಾಲಿಕೆ ಚುನಾವಣೆಗೆ ನಿಂತು ಸೋತವರು. ಯಾಕೆ ಸೋತಿರಿ ಅಂತ ಅವರಿಗೇ ಇವರು ಕೂರಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿದರು. ಆ ಮನೆಯಿಂದ ಮತ್ತೆ ಫೋನೇ ಬರಲಿಲ್ಲ.

ಈ ಸಲದ ಹುಡುಗ ಅಮರೇಶ್, ಬನ್ನಿಮಂಟಪದವನು, ಪಶುವೈದ್ಯ. ಎಷ್ಟೇ ಗಲಾಟೆ ಮಾಡುವ ದನವನ್ನೂ ಮೈದಡವಿ ನಿಲ್ಲಿಸುವ ಸಮಾಧಾನದ ಹುಡುಗ. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ರಕ್ಷಿತಾ ಇದುವರೆಗೆ ಯಾವ ಸಂಬಂಧದ ಬಗ್ಗೆಯೂ ಹೂಂ ಎಂದವಳಲ್ಲ, ಉಹೂಂ ಎಂದವಳೂ ಅಲ್ಲ. ಈ ಸಲ ಮಾತ್ರ ಅಪ್ಪನ ಹತ್ತಿರ ಬಂದು, ತಲೆ ತಗ್ಗಿಸಿ, "ಅಪ್ಪಾಜಿ, ನಂಗೆ ಈ ಹುಡುಗ ಇಷ್ಟ. ನೀವು ಒಂದ್ ಸಂಜೆ ಸುಮ್ನಿದ್ಬುಡಿ, ಅಷ್ಟೇ ಸಾಕು" ಅಂದಿದ್ದಳು. ಪ್ರತಿಜ್ಞೆ ಹುಟ್ಟಿದ್ದು ಅಲ್ಲಿಂದ.

ಆದರೆ ಬಸಮ್ಮ ಪ್ರತಿಜ್ಞೆಗಳನ್ನು ನಂಬಿ ಸಂಸಾರ ಮಾಡಿದವರಲ್ಲ. ಗಂಡನಿಗೆ ಅವರು ಮಾತಿನ ರೇಷನ್ ಗೊತ್ತುಮಾಡಿದರು. 'ಕಾಫಿ ತಗೊಳ್ಳಿ', 'ಒಳ್ಳೇದು', ಇವೆರಡರ ಆಚೆ ಒಂದಕ್ಷರ ಆಡಕೂಡದು. ಅಕಸ್ಮಾತ್ ನಾಲಿಗೆ ಜಾರುವ ಲಕ್ಷಣ ಕಂಡರೆ ತಾವು ಅಡುಗೆಮನೆಯಿಂದ ಸ್ಟೀಲ್ ಲೋಟಕ್ಕೆ ಸೌಟಿನಲ್ಲಿ ಟಣ್ ಎಂದು ಬಡಿಯುವುದು, ಆ ಕ್ಷಣವೇ ಇವರು ಬಾಯಿ ಮುಚ್ಚುವುದು. ಅಷ್ಟಕ್ಕೇ ಬಿಡದೆ ಟೀವಿ ರಿಮೋಟನ್ನು ಅಕ್ಕಿ ಡಬ್ಬಕ್ಕೆ ಹಾಕಿದರು. ಪೇಪರುಗಳನ್ನೆಲ್ಲ ಒಟ್ಟುಮಾಡಿ ಅಡುಗೆಮನೆಗೆ ಸಾಗಿಸಿದರು. ಲೋಕದ ಜತೆ ಚನ್ನಬಸವಯ್ಯನವರ ಸಂಪರ್ಕವೇ ಕಡಿದುಹೋಯಿತು.

ಸಂಜೆ ಬಂದವರು ಮೂವರೇ. ಅಮರೇಶ್, ಅವನ ತಾಯಿ ಚೂಡಾಮಣಿ, ತಂದೆ ಗುರುಮಲ್ಲಪ್ಪ. ಗುರುಮಲ್ಲಪ್ಪ ರೈಲ್ವೆಯಲ್ಲಿದ್ದು ನಿವೃತ್ತರಾದವರು, ದಪ್ಪ ಮೀಸೆಯ ಭಾರಿ ಆಳು. ಸೋಫಾದಲ್ಲಿ ಕುಳಿತವರೇ ಗೋಡೆಯ ಮೇಲಿನ ಬಸವಣ್ಣನವರ ಪಟವನ್ನು ನೋಡಿದರು, ಟೀವಿಯನ್ನು ನೋಡಿದರು, ನೆಲ ನೋಡಿದರು, ಮಾತಾಡಲಿಲ್ಲ. ರಕ್ಷಿತಾ ಕಾಫಿ ತಂದಿಟ್ಟಳು.

"ಕಾಫಿ ತಗೊಳ್ಳಿ" ಎಂದರು ಚನ್ನಬಸವಯ್ಯ.

"ಹೌದಾ" ಎಂದರು ಗುರುಮಲ್ಲಪ್ಪ.

"ಒಳ್ಳೇದು."

"ಆಗಲಿ."

ಅಲ್ಲಿಗೆ ಮಾತು ಮುಗಿಯಿತು! ಫ್ಯಾನು ಕಿರ್ರೋ ಎಂದು ತಿರುಗುತ್ತಿತ್ತು. ಗುರುಮಲ್ಲಪ್ಪನವರು ಅದನ್ನು ನೋಡಿ, "ಈಗಿನ ಫ್ಯಾನುಗಳು..." ಎಂದು ಬಾಯಿ ತೆರೆದರು. ಪಕ್ಕದಲ್ಲಿದ್ದ ಚೂಡಾಮಣಿಯವರು ಜೋರಾಗಿ ಕೆಮ್ಮಿದರು. ಗುರುಮಲ್ಲಪ್ಪ ಗಪ್ಪಾದರು. ಫ್ಯಾನಿನಿಂದ ಕರೆಂಟಿಗೆ, ಕರೆಂಟಿನಿಂದ ಸರ್ಕಾರಕ್ಕೆ ಎಷ್ಟು ಹತ್ತಿರದ ದಾರಿ ಅನ್ನುವುದು ಚನ್ನಬಸವಯ್ಯನವರಿಗೆ ಗೊತ್ತಿರದ ವಿಷಯವೇ? "ನಮ್ ಕಡೆ ಕರೆಂಟು..." ಎಂದರು. ಅಡುಗೆಮನೆಯಲ್ಲಿ ಲೋಟ ಟಣ್ ಎಂದಿತು. ಅವರೂ ಗಪ್ಪಾದರು.

ಈತ ಬಲು ಬಿಗುಮಾನದ ಮನುಷ್ಯ, ನಾವು ಇವರ ಮನಸ್ಸಿಗೆ ಬಂದಿಲ್ಲ ಅಂತ ಚನ್ನಬಸವಯ್ಯನವರಿಗೆ ಒಳಗೊಳಗೇ ದಿಗಿಲು. ಈ ಮನೆಯಾಕೆ ಪಾತ್ರೆ ಕುಕ್ಕುತ್ತಿದ್ದಾರೆ, ನಾವು ಬಂದದ್ದು ಇವರಿಗೆ ಇಷ್ಟವಿಲ್ಲ ಅಂತ ಗುರುಮಲ್ಲಪ್ಪನವರ ಮುಖ ಹೇಳುತ್ತಿತ್ತು. ಬಸಮ್ಮನವರ ಚಿಂತೆಯೇ ಬೇರೆ. ಪಾಪ, ಬೀಗಿತ್ತಿಗೆ ಎಂಥಾ ಕೆಮ್ಮು! ಒಂದು ಲೋಟ ಶುಂಠಿ ಕಷಾಯ ಮಾಡಿ ತಂದುಕೊಟ್ಟರು. ಚೂಡಾಮಣಿಯವರು ಬೇಡ ಬೇಡ ಅನ್ನುತ್ತಲೇ ಮರ್ಯಾದೆಗೆ ಕುಡಿದರು. ಗುರುಮಲ್ಲಪ್ಪ ಕಿಟಕಿಯಾಚೆ ಮೋಡ ನೋಡಿ "ಈ ಹವಾಮಾನ ಇಲಾಖೆಯೋರು..." ಎಂದರು, ಆಕೆ ಮತ್ತೆ ಕೆಮ್ಮಿದರು. ಇನ್ನೊಂದು ಲೋಟ ಕಷಾಯ ಬಂತು, ಮೆಣಸು ಜಾಸ್ತಿ ಹಾಕಿ. ಆಕೆಯ ಕಣ್ಣಲ್ಲಿ ನೀರು ಬಂತು. ಕೆಮ್ಮು ಎದೆಗೇ ಇಳಿದಿದೆ ಅಂತ ಬಸಮ್ಮ ಗಾಬರಿ ಬಿದ್ದು, ಈ ಸಲ ಮಜಬೂತಾಗಿಯೇ ಕಾಸಬೇಕೆಂದು ಒಳಗೆ ಓಡಿದರು. ಒಲೆಯ ಮೇಲೆ ಕಷಾಯ ಉಕ್ಕಿತು. ಆ ಗಡಿಬಿಡಿಯಲ್ಲಿ ಕೋಡುಬಳೆಯನ್ನು ಬೇರೆ ತಟ್ಟೆಗೆ ಹಾಕುವುದಕ್ಕೆ ಪುರುಸೊತ್ತೆಲ್ಲಿ? ಎಣ್ಣೆ ಇಳಿಯಲೆಂದು ಪೇಪರು ಹಾಸಿ ಅದರ ಮೇಲೆ ಬಸಿದಿಟ್ಟಿದ್ದ ಕೋಡುಬಳೆಯನ್ನು ಹರಿವಾಣದ ಸಮೇತ ಎತ್ತಿ ರಕ್ಷಿತಾಳ ಕೈಗೆ ಕೊಟ್ಟರು.

ಎಡವಟ್ಟಾದದ್ದು ಅಲ್ಲೇ!

ಹರಿವಾಣ ಟೀಪಾಯಿಯ ಮೇಲೆ ಬಂದು ಕೂತಿತು. ಅದನ್ನಿಟ್ಟ ರಕ್ಷಿತಾ ಅಮರೇಶ್ ಜತೆ ಮಾತಾಡಲು ಹಿತ್ತಿಲ ಬಾಗಿಲ ಕಡೆ ಹೋದಳು. ಕೋಡುಬಳೆಗಳ ಸಂದಿಯಲ್ಲಿ, ಎಣ್ಣೆ ಕುಡಿದ ಕಾಗದದ ಮೇಲೆ, ದಪ್ಪಕ್ಷರದಲ್ಲಿ 'ಮೇಲೆ ನೀರು' ಅಂತ ಕಂಡಿತು. ಬೆಳಗಿನಿಂದ ಒಂದಕ್ಷರ ಸುದ್ದಿಯಿಲ್ಲದೆ ಒಣಗಿದ್ದ ಚನ್ನಬಸವಯ್ಯನವರ ಕಣ್ಣು ಅಲ್ಲೇ ನಾಟಿತು. ಯಾವುದರ ಮೇಲೆ ನೀರು? ರಸ್ತೆಯ ಮೇಲೋ, ಸೇತುವೆಯ ಮೇಲೋ? ಒಂದು ಕೋಡುಬಳೆ ಎತ್ತಿ ಬಾಯಿಗಿಟ್ಟರು. ಅಡಿಯಲ್ಲಿ 'ಚಂದ್ರನ' ಕಾಣಿಸಿತು! ಎದುರಿಗೆ ನೋಡಿದರೆ ಗುರುಮಲ್ಲಪ್ಪನವರೂ ಕತ್ತು ಓರೆ ಮಾಡಿ ಅದೇ ಜಾಗ ನೋಡುತ್ತಿದ್ದಾರೆ. ಅವರು ಒಂದು ತೆಗೆದರು, ಇವರು ಒಂದು ತೆಗೆದರು. ಇಬ್ಬರೂ ಕಟಕಟ ಅಗಿಯುತ್ತ, ಎರಡನೆಯ ಸಾಲಿನ ಮೇಲೆ ಬಿದ್ದಿದ್ದ ಕೋಡುಬಳೆಗಳನ್ನು ಪೈಪೋಟಿಯಲ್ಲಿ ಖಾಲಿ ಮಾಡತೊಡಗಿದರು. ಬಾಗಿಲಲ್ಲಿ ಇಣುಕಿದ ಬಸಮ್ಮ, ಕೋಡುಬಳೆ ಬೀಗರಿಗೆ ಹಿಡಿಸಿತಲ್ಲ ಅಂತ ಹಿಗ್ಗಿ ಒಳಗೆ ಹೋದರು.

ಕೊನೆಯ ಕೋಡುಬಳೆ ಎತ್ತಿದ್ದು ಗುರುಮಲ್ಲಪ್ಪ. ಅದರಡಿಯ ಸಾಲು ಹೀಗಿತ್ತು: 'ಅಲ್ಲಿ ಮನುಷ್ಯ ವಾಸ ಸಾಧ್ಯವೇ?'

ಪ್ರಶ್ನೆ! ಉಪವಾಸ ಕೂತವನ ಮುಂದೆ ಎಲೆ ಹಾಕಿ ಬಡಿಸಿಬಿಟ್ಟರೆ ಅವನಾದರೂ ಏನು ಮಾಡಬೇಕು?

"ಸಾಧ್ಯವೇ ಇಲ್ಲ" ಎಂದರು ಚನ್ನಬಸವಯ್ಯ.

"ಯಾಕ್ ಸಾಧ್ಯವಿಲ್ಲ?" ಎಂದರು ಗುರುಮಲ್ಲಪ್ಪ ಅದೇ ಉಸಿರಿನಲ್ಲಿ.

ಅಷ್ಟೇ, ಕಟ್ಟೆ ಒಡೆಯಿತು. ರಾಮಕೃಷ್ಣನಗರಕ್ಕೇ ದಿನ ಬಿಟ್ಟು ದಿನ ನೀರು ಬಿಡಲಾಗದವರು ಚಂದ್ರನಲ್ಲಿ ನಲ್ಲಿ ಹಾಕುತ್ತಾರಾ ಅಂತ ಇವರು. ಮೊದಲು ರೈಲು ಬಂದಾಗಲೂ ಜನ ಹೀಗೇ ಅಂದರು ಅಂತ ಅವರು. ಅಲ್ಲಿಗೆ ಹೋದರೂ ಮೊದಲು ತೆರೆಯುವುದು ಪಾರ್ಟಿ ಆಫೀಸು ಅಂತ ಇವರು. ಓಟಿಲ್ಲದೆ ರಸ್ತೆ ಯಾರು ಮಾಡಿಸುತ್ತಾರೆ ಅಂತ ಅವರು. ಲೋಟ ಟಣ್ ಟಣ್ ಎಂದಿತು. ಕೆಮ್ಮು ಖೊಕ್ ಖೊಕ್ ಎಂದಿತು. ಯಾರಿಗೆ ಕೇಳಬೇಕು!

"ಅಲ್ಲಿ ಒಂದ್ ರಾತ್ರಿ ಅಂದ್ರೆ ಇಲ್ಲಿ ಹದ್ನಾಲ್ಕು ದಿನ ಕಣ್ರೀ. ಶಿವರಾತ್ರಿ ಜಾಗರಣೆ ನಿಮ್ ತಾತ ಮಾಡ್ತಾನಾ?"

"ಭಕ್ತಿ ಇದ್ದೋನು ಮಾಡ್ತಾನೆ. ನಿಮ್ಗಿಲ್ಲ, ಸುಮ್ನಿರಿ."

"ನಂಗೆ ಭಕ್ತಿ ಇಲ್ವಾ? ನಿಮ್ಮಂಥ ಮೊಂಡರ ಜತೆ ಯಾವ ಲೋಕದಲ್ಲೂ ವಾಸ ಮಾಡಕ್ಕಾಗಲ್ಲ ಬುಡ್ರೀ!"

ಹೇಳಿದ ಮೇಲೆ ಮನೆ ಎಷ್ಟು ನಿಶ್ಶಬ್ದವಾಗಿದೆ ಅನ್ನುವುದು ಚನ್ನಬಸವಯ್ಯನವರ ಗಮನಕ್ಕೆ ಬಂತು. ಲೋಟ ನಿಂತಿತ್ತು. ಕೆಮ್ಮು ನಿಂತಿತ್ತು. ಚೂಡಾಮಣಿಯವರು ಕೂತಿದ್ದ ಜಾಗವೇ ಖಾಲಿ. ಹಿತ್ತಿಲ ಬಾಗಿಲಲ್ಲಿ ಅಮರೇಶ್ ಜತೆ ನಿಂತಿದ್ದ ರಕ್ಷಿತಾ ಅಪ್ಪನನ್ನೇ ನೋಡುತ್ತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ಮಗಳು ಕೇಳಿದ್ದು ಒಂದೇ ಒಂದು ಸಂಜೆ. ಅದನ್ನೂ ಈ ಹಾಳು ನಾಲಿಗೆ ಉಳಿಸಲಿಲ್ಲವಲ್ಲ! ಚನ್ನಬಸವಯ್ಯನವರು ಗುರುಮಲ್ಲಪ್ಪನವರಿಗೆ ಕೈ ಮುಗಿದರು.

"ತಪ್ಪಾಯ್ತು ಸ್ವಾಮಿ. ಇದು ನನ್ನ ಬಾಯಿ ತಪ್ಪು, ಹುಡುಗಿದಲ್ಲ. 'ಒಳ್ಳೇದು', 'ಕಾಫಿ ತಗೊಳ್ಳಿ', ಇಷ್ಟೇ ಆಡ್ಬೇಕು ಅಂತ ಮನೇಲಿ ಹೇಳಿದ್ರು."

ಗುರುಮಲ್ಲಪ್ಪನವರ ಮೀಸೆ ಅದುರಿತು. ಇವರನ್ನೇ ದುರುದುರು ನೋಡಿ, ಟವೆಲಿನಲ್ಲಿ ಬಾಯಿ ಒರೆಸಿಕೊಂಡು, ದನಿ ತಗ್ಗಿಸಿ ಹೇಳಿದರು: "ನಂಗೆ 'ಹೌದಾ', 'ಆಗಲಿ'. ಮಾತು ಮೀರಿದ್ರೆ ನಮ್ಮೋಳು ಕೆಮ್ತಾಳೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಶುರುವಾದ ನಗು ಹೊಟ್ಟೆ ಹಿಡಿದುಕೊಳ್ಳುವ ಮಟ್ಟಕ್ಕೆ ಹೋಯಿತು. ಇಷ್ಟು ಚೆನ್ನಾಗಿ ಎದುರು ವಾದಿಸುವವರು ಬನ್ನಿಮಂಟಪದಲ್ಲೇ ಇಲ್ಲ ಅಂತ ಗುರುಮಲ್ಲಪ್ಪ ಇವರ ಬೆನ್ನು ತಟ್ಟಿದರು. ಚನ್ನಬಸವಯ್ಯನವರಿಗೆ ಎದೆಯ ಮೇಲಿನ ಕಲ್ಲು ಇಳಿಯಿತು, ಜತೆಗೆ ಎಂದಿನ ಗತ್ತೂ ವಾಪಸ್ಸು ಬಂತು. ಕಂಬಳಿಹುಳುವಿನಂಥ ಹುಬ್ಬು ಏರಿಸಿ, ಗಂಟಲು ಸರಿಮಾಡಿಕೊಂಡು, ಈ ಮದುವೆಯ ವಿಚಾರದಲ್ಲಿ ತಮ್ಮ ಅಭಿಪ್ರಾಯವನ್ನು ಮಂಡಿಸಲು ಸಿದ್ಧರಾದರು.

ಅಷ್ಟರಲ್ಲಿ ಹೆಂಗಸರಿಬ್ಬರೂ ಕೈ ಕೈ ಹಿಡಿದು ಅಡುಗೆಮನೆಯಿಂದ ಈಚೆ ಬಂದರು. ಮೂರನೆಯ ಕಷಾಯಕ್ಕೆ ಹೆದರಿ ಒಳಗೆ ಓಡಿದ್ದ ಚೂಡಾಮಣಿಯವರು ತಮ್ಮ ಕೆಮ್ಮಿನ ಗುಟ್ಟು ಬಿಟ್ಟುಕೊಟ್ಟಿದ್ದರು, ಬಸಮ್ಮ ಲೋಟದ ಗುಟ್ಟು. ಇಬ್ಬರಿಗೂ ನಕ್ಕೂ ನಕ್ಕೂ ಕಣ್ಣು ಕೆಂಪಾಗಿತ್ತು. ಬಸಮ್ಮ ರಕ್ಷಿತಾಳನ್ನು ಕರೆದು ಅವಳ ಮುಡಿಗೆ ಮಲ್ಲಿಗೆ ಮುಡಿಸಿದರು. ದಸರಾ ಗಲಾಟೆ ಮುಗಿದು ರಸ್ತೆ ಬಿಡುವಾದ ಮೇಲೆ ಮದುವೆ, ಬನ್ನಿಮಂಟಪದ ಕಡೆಯೇ ಛತ್ರ, ಧಾರೆ ಸೀರೆಗೆ ಗಿಳಿಹಸಿರು ಬಣ್ಣ, ಊಟಕ್ಕೆ ಹೋಳಿಗೆ, ಎಲ್ಲ ನಿಕ್ಕಿಯಾಗಿದೆ ಎಂದರು. ಅಮರೇಶ್ ಮತ್ತು ರಕ್ಷಿತಾ ಕೂಡ ಹಿತ್ತಿಲ ಬಾಗಿಲಿಂದಲೇ ಹೂಂ ಅಂದಾಗಿದೆಯಂತೆ!

ಚನ್ನಬಸವಯ್ಯನವರು ಬಿಟ್ಟ ಬಾಯಿ ಬಿಟ್ಟಂತೆ ನಿಂತರು. ಬ್ರಹ್ಮಾಂಡದ ಬಗ್ಗೆಯೇ ಅಭಿಪ್ರಾಯ ಇಟ್ಟುಕೊಂಡ ಮನುಷ್ಯ!

"ಸ್ವಂತ ಮಗಳ ಮದುವೆ. ನನ್ನ ಅಭಿಪ್ರಾಯ ಏನು ಅಂತ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

"ಕೇಳಣ ಅಂತ್ಲೇ ಬಂದಿದ್ವಿ ಕಣ್ರೀ" ಎಂದರು ಬಸಮ್ಮ. "ನೀವಿಬ್ರೂ ಚಂದ್ರನ ಮೇಲಿದ್ರಿ."

ಚನ್ನಬಸವಯ್ಯನವರು ಏನೋ ಹೇಳಲು ಹೊರಟರು. ಬಸಮ್ಮನವರ ಕೈ ಟೀಪಾಯಿಯ ಮೇಲಿದ್ದ ಖಾಲಿ ಲೋಟದ ಕಡೆ ಹೋಯಿತು.

"ಒಳ್ಳೇದು" ಎಂದರು ಚನ್ನಬಸವಯ್ಯ.

"ಆಗಲಿ" ಎಂದರು ಗುರುಮಲ್ಲಪ್ಪ.