ಹೊಂಗೆಮರದ ಕಾರ್ಖಾನೆ

ಬಾಗಲಗುಂಟೆಯ ಅಂಜಿನಮ್ಮನ ಮನೆ ಮುಂದಿನ ಹೊಂಗೆಮರವು ನಲವತ್ತು ವರ್ಷಗಳಿಂದ ಪರವಾನಗಿ ಇಲ್ಲದೆ ರಾಸಾಯನಿಕ ತಯಾರಿಸುತ್ತಿದ್ದ ಸಂಗತಿ ಕಳೆದ ಮಾರ್ಚಿನಲ್ಲಿ ಬೆಳಕಿಗೆ ಬಂತು.

ತಪ್ಪು ಆ ಮನೆಯ ಬಾಡಿಗೆದಾರಳಾದ ನಿವೇದಿತಾಳದು. ಪೀಣ್ಯದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ಆಕೆ, ಬೀದಿ ಮಕ್ಕಳಿಗೆ ತಿಳಿಯಲೆಂದು ಮರಕ್ಕೊಂದು ಹಲಗೆ ಕಟ್ಟಿದ್ದಳು: ‘ಇದರ ಬೀಜದಲ್ಲಿ ಕರಂಜಿನ್ ಎಂಬ ರಾಸಾಯನಿಕವಿದೆ. ಹುಳ ಹತ್ತಿರ ಸುಳಿಯುವುದಿಲ್ಲ.’ ರಾಸಾಯನಿಕ ತಪಾಸಣಾಧಿಕಾರಿ ವೆಂಕಟೇಶಪ್ಪನವರು ಅದನ್ನು ಓದಿ, ಮರುದಿನವೇ ಮರದ ಬುಡದಲ್ಲಿ ವಿಚಾರಣೆ ನಡೆಸಿದರು.

“ಎಷ್ಟು ಪಾಳಿ ನಡೆಯುತ್ತೆ?”

“ಬಿಸ್ಲಿದ್ರೆ ನಡೀತದೆ ಸಾಮಿ, ಕತ್ಲಾದ್ರೆ ಸುಮ್ಕಿರ್ತದೆ,” ಎಂದಳು ಅಂಜಿನಮ್ಮ.

“ಕಾರ್ಮಿಕರು?”

“ಊವಿನ ಕಾಲ್ದಾಗೆ ಜೇನುನೊಣ ಬತ್ತವೆ.”

“ದುಡಿಯೋವೆಲ್ಲ ಹೆಣ್ಣೇ ಸಾರ್,” ಎಂದಳು ನಿವೇದಿತಾ.

ಅಧಿಕಾರಿಗಳು ಬರೆದುಕೊಂಡರು: ‘ಅಸಂಖ್ಯ ಮಹಿಳಾ ಕಾರ್ಮಿಕರು. ಹಾಜರಿ ಪುಸ್ತಕವಿಲ್ಲ. ಶೌಚಾಲಯವಿಲ್ಲ.’ ವಸತಿ ಪ್ರದೇಶದಲ್ಲಿ ಕಾರ್ಖಾನೆ ನಿಷಿದ್ಧವಾದ್ದರಿಂದ ಏಳು ದಿನದೊಳಗೆ ಮರ ತೆರವಾಗಬೇಕೆಂದು ಆದೇಶವಾಯಿತು.

ಮದುವೆಯಾಗಿ ಬಂದ ವರ್ಷ ತಾನೇ ನೆಟ್ಟ ಸಸಿ ಅದು. ಅಂಜಿನಮ್ಮ ಮರವನ್ನು ತಬ್ಬಿಕೊಂಡಳು. “ಮೊದ್ಲು ನನ್ನ ಕಡ್ದಾಕಿ!”

“ಅದು ಬೇರೆ ಇಲಾಖೆ ಕಣಮ್ಮ,” ಎಂದರು ವೆಂಕಟೇಶಪ್ಪ, ಮರುಕದಿಂದಲೇ.

ನಿವೇದಿತಾ ಆ ರಾತ್ರಿ ನಿಯಮಾವಳಿಯನ್ನೆಲ್ಲ ಓದಿದಳು. ಮರವನ್ನು ಕೈಗಾರಿಕಾ ಪ್ರದೇಶಕ್ಕೆ ಸ್ಥಳಾಂತರಿಸಲು ಆಗದಿದ್ದರೆ, ಕೈಗಾರಿಕಾ ಪ್ರದೇಶವನ್ನೇ ಮರದ ಬಳಿಗೆ ತರಬಾರದೆಂದು ಎಲ್ಲೂ ಇರಲಿಲ್ಲ. ಅರ್ಜಿ ಹೋಯಿತು. ನಾಲ್ಕನೇ ದಿನ, ನೆರಳು ಬೀಳುವಷ್ಟು ಜಾಗವನ್ನು ಕೈಗಾರಿಕಾ ವಲಯವೆಂದು ಘೋಷಿಸಲಾಯಿತು. ನೆರಳು ಸರಿದಂತೆ ವಲಯವೂ ಸರಿಯತಕ್ಕದ್ದು.

ಅಂದಿನಿಂದ ಅಂಜಿನಮ್ಮ ಹೆಲ್ಮೆಟ್ ಹಾಕಿಕೊಂಡೇ ಮರದಡಿ ಸೊಪ್ಪು ಬಿಡಿಸುತ್ತಾಳೆ. ವೆಂಕಟೇಶಪ್ಪನವರು ದಿನವೂ ಊಟವಾದ ಮೇಲೆ ತಪಾಸಣೆಗೆ ಬಂದು, ಚಾಪೆ ಹಾಸಿ, ಕಣ್ಣು ಮುಚ್ಚಿ, ಮೂರರವರೆಗೆ ಗಾಳಿಯ ಗುಣಮಟ್ಟ ಪರೀಕ್ಷಿಸುತ್ತಾರೆ.

ಜೂನ್‌ನಲ್ಲಿ ರಸ್ತೆ ಅಗಲ ಮಾಡುವವರು ಗರಗಸ ಹಿಡಿದು ಬಂದರು. ಮೂರು ತಿಂಗಳ ನೋಟಿಸ್ ಕೊಡದೆ ಕಾರ್ಖಾನೆ ಮುಚ್ಚಿಸುವಂತಿಲ್ಲವೆಂದು ತಿಳಿದು, ಕ್ಷಮೆ ಕೇಳಿ, ಎದುರುಮನೆ ಶಿವಲಿಂಗಮ್ಮನ ಬೇವಿನ ಮರದತ್ತ ತಿರುಗಿದರು.

ಶಿವಲಿಂಗಮ್ಮ ಓಡಿಬಂದು ವೆಂಕಟೇಶಪ್ಪನವರನ್ನು ಎಬ್ಬಿಸಿದಳು. “ಸಾರ್, ನಮ್ ಬೇವೂ ಕಹಿ ಐತೆ. ಬೇಗ ಬಂದು ನಮ್ಮ ಮೇಲೂ ಒಂದು ಕೇಸ್ ಹಾಕಿ ಸಾರ್!”

ಸಾಹೇಬರು ಒಂದೆಲೆ ಕಿತ್ತು ಅಗಿದು, ಮುಖ ಹಿಂಡಿ, “ಗಂಭೀರ ಪ್ರಕರಣ,” ಎಂದರು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು.